ಒಂಟಿ ಜೀವ, ದೊಡ್ಡ ಕಾಯಿಲೆ

ದೊಡ್ಡ ಆಸ್ಪತ್ರೆಯ ಅಡ್ಮಿಷನ್ ಕೌಂಟರಿನಲ್ಲಿ ಹೆಸರು, ವಯಸ್ಸು, ಊರು ಬರೆದುಕೊಂಡ ಕೂಡಲೇ ಬರುವ ಪ್ರಶ್ನೆ, ‘ಜೊತೆಗೆ ಯಾರಿದ್ದಾರೆ?’ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು, ಕೆಳಗಿನ ಮೆಡಿಕಲ್ಲಿನಿಂದ ಔಷಧಿ ತರಲು, ರಕ್ತ ಹೊಂದಿಸಲು, ಬಿಲ್ ಕಟ್ಟಲು, ರಾತ್ರಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಲು ಒಬ್ಬರು ಬೇಕು. ಗಂಡನೋ ಹೆಂಡತಿಯೋ ಮಕ್ಕಳೋ ಇದ್ದೇ ಇರುತ್ತಾರೆಂದು ಆಸ್ಪತ್ರೆ ಎಣಿಸಿಬಿಟ್ಟಿದೆ. ಬ್ಯಾಂಕು, ರೇಷನ್ ಕಾರ್ಡು, ವಾರಸಾ ಕಾನೂನು, ಎಲ್ಲದರ ಎಣಿಕೆಯೂ ಅದೇ. ಮದುವೆಯಾಗದವರು, ಗಂಡ ತೀರಿಕೊಂಡು ಮಕ್ಕಳಿಲ್ಲದವರು, ಬಿಟ್ಟು ಬಂದವರು ಈ ಎಣಿಕೆಯ ಹೊರಗೆ ಉಳಿದವರು. ಅವರಿಗೆ ಕ್ಯಾನ್ಸರೋ ಕಿಡ್ನಿಯ ತೊಂದರೆಯೋ ಪಾರ್ಶ್ವವಾಯುವೋ ಬಂದಾಗ ದುಡ್ಡಿಗಿಂತ ಮೊದಲು ಮುಗಿಯುವುದು ಜನ. ಅವರ ಹಣಕಾಸನ್ನು ನೋಡುವುದಾದರೆ ಅಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ವಾದ.

ಸಹಿಯ ವಿಷಯದಲ್ಲಿ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಚಿಕಿತ್ಸೆಗೆ ಬೇಕಾದದ್ದು ರೋಗಿಯದೇ ಒಪ್ಪಿಗೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, 2008ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ವೈದ್ಯರು ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದ್ದರು, ಆ ಒಪ್ಪಿಗೆ ನಡೆಯದು ಎಂದಿತು ಕೋರ್ಟು. ಹಾಗಾಗಿ ‘ಮನೆಯವರು ಬಾರದೆ ಆಗುವುದಿಲ್ಲ’ ಎಂಬ ಮಾತಿಗೆ ಕಾನೂನಿನ ಬಲವಿಲ್ಲ. ಆದರೆ ಔಷಧಿ ತರುವವರು ಯಾರು ಎಂಬುದಕ್ಕೆ ಯಾವ ತೀರ್ಪೂ ಉತ್ತರ ಕೊಡುವುದಿಲ್ಲವಲ್ಲ.

ಆ ಪ್ರಶ್ನೆ ನಮ್ಮ ಕಡೆ ಹೇಗಿದೆ ನೋಡೋಣ. ಉತ್ತರ ಕನ್ನಡದ ಗೇರುಸೊಪ್ಪ ಎಂದರೆ ಹೊರಗಿನವರಿಗೆ ಚತುರ್ಮುಖ ಬಸದಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ, ಶರಾವತಿಗೆ ಕಟ್ಟಿದ ಟೇಲ್‌ರೇಸ್ ಅಣೆಕಟ್ಟೆ. ಅಲ್ಲಿ ಬದುಕುವವರಿಗೆ ಅದು ಹೊನ್ನಾವರದಿಂದ ಸುಮಾರು 30 ಕಿ.ಮೀ. ಒಳಗಿರುವ, ಒಂದೊಂದು ತೋಟಕ್ಕೆ ಒಂದೊಂದು ಮನೆಯಿರುವ ಊರು. ಘಟ್ಟದ ಬುಡದ ಈ ಕಣಿವೆಯಲ್ಲಿ ಒಂಟಿಯಾಗಿರುವವರು ಅಪರೂಪವೇನಲ್ಲ. ತೋಟ ನೋಡಿಕೊಂಡು ಊರಲ್ಲೇ ಉಳಿದ ಗಂಡಿಗೆ ಹೆಣ್ಣು ಸಿಗುವುದಿಲ್ಲವೆಂಬ ಮಾತು ಹಳತಾಯಿತು. ಮೂವತ್ತರಲ್ಲಿ ಜಾತಕ ಹಿಡಿದು ಅಲೆದವರು ಈಗ ಐವತ್ತರ ಆಚೆ ಇದ್ದಾರೆ, ತಾಯಿ ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ. ತಮ್ಮಂದಿರನ್ನು ಓದಿಸುತ್ತ ಮದುವೆಯ ವಯಸ್ಸು ದಾಟಿಸಿದ ಅಕ್ಕಂದಿರಿದ್ದಾರೆ. ಭಟ್ಕಳದ ಕಡೆ ದುಡಿಯುವ ತಲೆಗಳೆಲ್ಲ ಗಲ್ಫಿನಲ್ಲಿ, ದೊಡ್ಡ ಮನೆಯಲ್ಲಿ ವಯಸ್ಸಾದವರೊಬ್ಬರೇ. ಕುಮಟಾ, ಹೊನ್ನಾವರದ ಬಂದರುಕೇರಿಗಳಲ್ಲಿ ಮೀನು ಮಾರಿ ಬದುಕುವ ವಿಧವೆಯರಿದ್ದಾರೆ.

ದೊಡ್ಡ ಕಾಯಿಲೆಗೆ ಇವರೆಲ್ಲ ಹೋಗುವುದು ಜಿಲ್ಲೆಯ ಹೊರಗೆ: ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದರೂ ಹೃದಯ, ಕ್ಯಾನ್ಸರ್, ನರರೋಗಕ್ಕೆ ಹೊರಗಿನ ದಾರಿ ತಪ್ಪಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆ ದೃಶ್ಯ ಎಲ್ಲರ ಮೊಬೈಲಿಗೂ ಬಂತು, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂಬಲ್ಲಿಗೆ ಮುಟ್ಟಿತು. ಆ ಚರ್ಚೆಯೆಲ್ಲ ಜೀವ ಉಳಿಸುವ ಸಮಯದ ಬಗ್ಗೆ ನಡೆಯಿತು. ಅದೇ ದೂರಕ್ಕೆ ಒಂದು ಖರ್ಚಿನ ಮುಖವೂ ಇದೆ, ಒಂಟಿಯವರಿಗೆ ಅದು ಬೇರೆ ಥರ ಬೀಳುತ್ತದೆ.

ಮೊದಲು ಚಿಕಿತ್ಸೆಯ ಹಣ. ಇಲ್ಲಿ ಜನ ಹೆದರುವಷ್ಟು ಕೆಟ್ಟ ಸ್ಥಿತಿ ಈಗಿಲ್ಲ. 2018ರ ಮಾರ್ಚಿನಲ್ಲಿ ಶುರುವಾದ ಆರೋಗ್ಯ ಕರ್ನಾಟಕ, ಅದೇ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕಾರ್ಡಿದ್ದವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಭರಿಸುತ್ತದೆ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ಮೀರದಂತೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಈ ಚೀಟಿ ಇಲ್ಲದೆ ನೇರ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ, ನಾಲ್ಕು ದಿನದ ಮೇಲೆ ‘ಚೀಟಿ ತನ್ನಿ’ ಎಂದಾಗ ವಾಪಸ್ ಬಂದವರು ಊರೂರಿಗೂ ಸಿಗುತ್ತಾರೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಚೀಟಿಗೆ ಅವರು ಓಡಿಯಾರು. ಒಬ್ಬರೇ ಇದ್ದವರು ಮೊದಲ ದಿನವೇ ಹೊನ್ನಾವರದ ತಾಲೂಕು ಆಸ್ಪತ್ರೆಯಲ್ಲಿ ಇಳಿದು ಅದನ್ನು ಬರೆಸಿಕೊಂಡೇ ಮುಂದಿನ ಬಸ್ ಹತ್ತಬೇಕು.

ಇಲ್ಲಿ ‘ಕುಟುಂಬ’ ಎಂದರೆ ರೇಷನ್ ಕಾರ್ಡಿನಲ್ಲಿರುವ ಹೆಸರುಗಳು. ಸ್ವಂತ ಬಿಪಿಎಲ್ ಕಾರ್ಡಿರುವ ಒಂಟಿ ಹೆಂಗಸು ಅಥವಾ ಗಂಡಸು ಒಬ್ಬರೇ ಒಂದು ಕುಟುಂಬ, ಪೂರ್ತಿ 5 ಲಕ್ಷ ಅವರಿಗೇ. ಆದರೆ ಹೆಚ್ಚಿನವರ ಹೆಸರು ಇರುವುದು ಅಣ್ಣನ ಕಾರ್ಡಿನಲ್ಲಿ. ಅಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಎಲ್ಲರಿಗೂ ಸೇರಿ ಒಂದೇ ಐದು ಲಕ್ಷ. ಅತ್ತಿಗೆಯ ಗರ್ಭಕೋಶದ ಆಪರೇಷನ್ ಈ ವರ್ಷ ಆಗಿದ್ದರೆ ನಾದಿನಿಯ ಕೀಮೋಗೆ ಉಳಿದದ್ದೆಷ್ಟೋ ಅಷ್ಟು. ಅಣ್ಣ ಕಾರು ಕೊಂಡರೆ ಇಡೀ ಕಾರ್ಡು ಎಪಿಎಲ್ ಆಗುವ ಸಂಭವವೂ ಇದೆ, ತಂಗಿಯ ಕೈಯಲ್ಲಿ ಹತ್ತು ರೂಪಾಯಿ ಇಲ್ಲದಿದ್ದರೂ ಅಷ್ಟೇ. ಗೃಹಲಕ್ಷ್ಮಿಯ 2,000 ರೂಪಾಯಿಯ ಕತೆಯೂ ಇದೇ. ಅದು ಕಾರ್ಡಿನ ಯಜಮಾನಿಗೆ, ಎಂದರೆ ಅತ್ತಿಗೆಗೆ. ಮೂವತ್ತು ವರ್ಷ ಆ ಮನೆಯ ದನಕರು, ಕೊಟ್ಟಿಗೆ ನೋಡಿಕೊಂಡ ನಾದಿನಿಗೆ ಅದರಲ್ಲಿ ಪಾಲಿಲ್ಲ. ನಿಜಕ್ಕೂ ಬೇರೆ ಒಲೆ ಹಚ್ಚುವವರು ಕಾರ್ಡನ್ನೂ ಬೇರೆ ಮಾಡಿಸಿಕೊಳ್ಳಬೇಕು, ಮೈ ಗಟ್ಟಿಯಿದ್ದಾಗಲೇ. ಅಣ್ಣನಿಗೆ ಬೇಸರವಾದೀತೆಂದು ಇದನ್ನು ಮುಂದೂಡುವವರೇ ಹೆಚ್ಚು. ಆ ಸಂಕೋಚದ ಬೆಲೆ ಎಷ್ಟೆಂಬುದು ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ.

ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಹುಟ್ಟಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ, 2022ರ ಕೊನೆಗೆ ಮತ್ತೆ ಎದ್ದು ಬಂದ ಯೋಜನೆ. ಗ್ರಾಮೀಣ ಭಾಗದಲ್ಲಿ ನಾಲ್ವರ ತನಕದ ಕುಟುಂಬಕ್ಕೆ ವರ್ಷಕ್ಕೆ 500 ರೂ. ವಂತಿಗೆ, 5 ಲಕ್ಷದ ರಕ್ಷಣೆ. ಒಬ್ಬರಿದ್ದರೂ ನಾಲ್ವರ ವಂತಿಗೆಯೇ. ಇದರಲ್ಲಿ ತಕರಾರು ತೆಗೆಯುವಂಥದ್ದೇನಿಲ್ಲ, ಬಿಪಿಎಲ್ ಇಲ್ಲದ ಅಡಿಕೆ ಬೆಳೆಗಾರನಿಗೆ ಇದಕ್ಕಿಂತ ಅಗ್ಗದ ವಿಮೆ ಬೇರೆ ಸಿಗದು. ನೋಂದಣಿ ಮಾತ್ರ ವರ್ಷವಿಡೀ ತೆರೆದಿರುವುದಿಲ್ಲ, ಸೊಸೈಟಿಯ ಬೋರ್ಡಿನ ಮೇಲೆ ಕಣ್ಣಿಟ್ಟಿರಬೇಕು.

ಖಾಸಗಿ ವಿಮೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಏಪ್ರಿಲಿನಿಂದ ಹಳೆಯ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರು ವರ್ಷಕ್ಕಿಳಿದಿದೆ. ಐದು ವರ್ಷ ಸತತ ಕಟ್ಟಿದ ಮೇಲೆ, ಮೋಸ ಸಾಬೀತಾಗದ ಹೊರತು, ‘ನೀವು ಹಿಂದಿನ ಕಾಯಿಲೆ ಹೇಳಿರಲಿಲ್ಲ’ ಎಂಬ ನೆಪದಲ್ಲಿ ಕ್ಲೇಮು ತಳ್ಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಹೋಗಿದೆ. ಕಾಯಿಲೆ ಪತ್ತೆಯಾದ ಮೇಲೆ ಕೊಳ್ಳಲು ಹೊರಟವರಿಗೆ ಇವು ಯಾವುವೂ ಆ ವರ್ಷಕ್ಕೆ ಉಪಯೋಗಕ್ಕೆ ಬಾರವು. ಗೇರುಬೀಜದ ಕಾರ್ಖಾನೆಯಂಥ ಕಡೆ ಕೆಲಸ ಮಾಡುತ್ತ ಇಎಸ್‌ಐ ಕಟ್ಟುವವರು ಒಂದು ವಿಷಯ ತಿಳಿದಿರಬೇಕು. ಕ್ಯಾನ್ಸರ್, ಕ್ಷಯದಂಥ 34 ದೀರ್ಘ ಕಾಯಿಲೆಗಳಿಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ಸರಾಸರಿ ಕೂಲಿಯ ಶೇ 80ರಂತೆ ಎರಡು ವರ್ಷದ ತನಕ ಹಣ ಬರುತ್ತದೆ. ಕಾಯಿಲೆಯೆಂದು ಕೆಲಸ ಬಿಟ್ಟು ಮನೆಗೆ ಬಂದುಬಿಟ್ಟರೆ ಅದೂ ಕೈತಪ್ಪುತ್ತದೆ. ರಾಜೀನಾಮೆ ಬರೆಯುವ ಮುಂಚೆ ಇಎಸ್‌ಐ ಕಚೇರಿಗೆ ಹೋಗಿ ಬನ್ನಿ.

ಪಿಂಚಣಿಯ ಪಟ್ಟಿ ಓದಿದರೆ ಸರ್ಕಾರ ಒಂಟಿತನವನ್ನು ಹೇಗೆ ನೋಡುತ್ತದೆಂದು ಗೊತ್ತಾಗುತ್ತದೆ. ವಿಧವೆಗೆ ತಿಂಗಳಿಗೆ 800 ರೂ. ನಲವತ್ತು ದಾಟಿದ ಅವಿವಾಹಿತೆ, ವಿಚ್ಛೇದಿತೆಯರಿಗೆ ಮನಸ್ವಿನಿಯಲ್ಲಿ ಅಷ್ಟೇ. ಅರವತ್ತೈದಾದ ಮೇಲೆ ಸಂಧ್ಯಾ ಸುರಕ್ಷಾದ 1,200. ಐವತ್ತೈದರ ಅವಿವಾಹಿತ ಗಂಡಸಿಗೆ ಕೀಮೋ ನಡೆಯುತ್ತಿದ್ದರೂ ಏನೂ ಇಲ್ಲ. ಅಂಗವಿಕಲರ ಪಿಂಚಣಿಗೆ ಹೋಗೋಣವೆಂದರೆ 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಇದೆ, ಕ್ಯಾನ್ಸರೂ ಇಲ್ಲ, ಕಿಡ್ನಿ ವೈಫಲ್ಯವೂ ಇಲ್ಲ. ದುಡಿಯುವ ಗಂಡಸು ದುಡಿಯದಂತಾಗಬಹುದೆಂದು ಈ ಪಟ್ಟಿ ಬರೆದವರಿಗೆ ಹೊಳೆದಂತಿಲ್ಲ.

ಇನ್ನು ಯಾವ ಕಾರ್ಡೂ ತುಂಬಿಕೊಡದ ಖರ್ಚುಗಳು. ಡಯಾಲಿಸಿಸನ್ನೇ ನೋಡಿ. ತಾಲೂಕು ಆಸ್ಪತ್ರೆಯಲ್ಲಿ ಅದು ಉಚಿತ. ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156 ಸಲ ಗೇರುಸೊಪ್ಪದಿಂದ ಹೊನ್ನಾವರಕ್ಕೆ ಹೋಗಿ ಬರಬೇಕು. ಹೋಗುವಾಗ ಬಸ್ಸಿನಲ್ಲಿ ಹೋದೇನು ಎನ್ನಬಹುದು, ಹೆಂಗಸಾದರೆ 2023ರ ಜೂನಿನಿಂದ ಸರ್ಕಾರಿ ಬಸ್ಸು ಉಚಿತವೂ ಹೌದು. ನಾಲ್ಕು ತಾಸು ಯಂತ್ರಕ್ಕೆ ಮೈ ಕೊಟ್ಟು ಎದ್ದ ಮೇಲೆ ಬಿಪಿ ಇಳಿದಿರುತ್ತದೆ, ಕಾಲು ಸೆಳೆಯುತ್ತಿರುತ್ತದೆ, ಸೂಜಿ ತೆಗೆದ ಕೈಗೆ ಕಟ್ಟು ಬಿಗಿದಿರುತ್ತದೆ. ಆಗ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲಾಗುವುದಿಲ್ಲ, ರಿಕ್ಷಾವೇ ಬೇಕು. ಬಿಟ್ಟಿ ಚಿಕಿತ್ಸೆಯ ಬಿಲ್ಲು ಬರುವುದು ಹೀಗೆ, ರಿಕ್ಷಾದವನ ಕೈಯಿಂದ. ತಿಂಗಳಿಗೆ ಒಬ್ಬನೇ ರಿಕ್ಷಾದವನ ಹತ್ತಿರ ಮಾತಾಡಿಕೊಂಡರೆ ಬಾಡಿಗೆಯೂ ಇಳಿಯುತ್ತದೆ, ಬರಲಿಲ್ಲವೆಂದರೆ ಫೋನ್ ಮಾಡಿ ಕೇಳುವ ಒಂದು ಜೀವವೂ ಆಗುತ್ತದೆ.

ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ತ್ರೀ ಟಯರ್ ಎಸಿ ಟಿಕೆಟು ಪೂರ್ತಿ ಉಚಿತ, ಜೊತೆಗಾರರಿಗೆ ಶೇ 75 ರಿಯಾಯಿತಿ. ಚಿಕಿತ್ಸೆ ಕೊಡುವ ಆಸ್ಪತ್ರೆಯ ಸರ್ಟಿಫಿಕೇಟು ಬೇಕು. ಹೊನ್ನಾವರ, ಮುರ್ಡೇಶ್ವರ, ಭಟ್ಕಳದಿಂದ ಉಡುಪಿ, ಮಂಗಳೂರಿನ ಕಡೆ ಹೋಗುವವರು ಇದನ್ನು ಬಳಸುವುದು ಕಮ್ಮಿ. ಬಸ್ಸೇ ಅಭ್ಯಾಸ.

ಜೊತೆಗಾರರ ಲೆಕ್ಕಕ್ಕೆ ಬರೋಣ. ತಂಗಿಯ ಮಗ ನಾಲ್ಕು ದಿನ ಕೆಲಸಕ್ಕೆ ರಜೆ ಹಾಕಿ ಮಣಿಪಾಲದಲ್ಲಿ ಇರುತ್ತಾನೆ. ಮೊದಲ ಸಲ ಸಂತೋಷದಿಂದ, ಮೂರನೆಯ ಸಲ ಸಂಕೋಚದಿಂದ, ಆರನೆಯ ಕೀಮೋಗೆ ಅವನು ಫೋನು ಎತ್ತುವುದು ತಡವಾಗುತ್ತದೆ. ತಪ್ಪು ಅವನದಲ್ಲ, ಅವನ ನಾಲ್ಕು ದಿನದ ಕೂಲಿ ಹೋಯಿತು. ಹೀಗಾಗಿ ನನ್ನ ಸಲಹೆ ಕೆಲವರಿಗೆ ಒರಟಾಗಿ ಕೇಳೀತು: ಹತ್ತಿರದವರಿಗೂ ದಿನದ ದುಡ್ಡು, ಊಟ, ಬಸ್ ಖರ್ಚು ಕೊಡಿ, ಮೊದಲ ಸಲದಿಂದಲೇ ಕೊಡಿ. ‘ಛೆ, ನಿನ್ನ ಹತ್ರ ದುಡ್ಡು ತಗಳ್ಳುದಾ?’ ಎಂದಾರು, ಜೇಬಿಗೆ ತುರುಕಿ. ಋಣದಲ್ಲಿ ನಡೆಯುವ ಸೇವೆ ಬೇಗ ಸೋಲುತ್ತದೆ. ಸರ್ಕಾರ ಚಿಕಿತ್ಸೆಯ ಭಾರ ಹೊತ್ತರೆ ಕೈಯಲ್ಲಿ ಉಳಿದ ಹಣವನ್ನು ಮುಖ್ಯವಾಗಿ ಇದಕ್ಕೇ ಎತ್ತಿಡಬೇಕು. ನಾವು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತೇವೆ. ಕಾರ್ಡಿನಲ್ಲಿ ಆಗುವ ಚಿಕಿತ್ಸೆಗೆ ಹೆದರಿ ಖಾಸಗಿ ವಾರ್ಡಿಗೆ ದುಡ್ಡು ಸುರಿದು, ಮನೆಗೆ ಬಂದ ಮೇಲೆ ಗಂಜಿ ಕಾಯಿಸುವವರಿಗೆ ಕೊಡಲು ಏನೂ ಇಲ್ಲದೆ ಕೂರುತ್ತೇವೆ.

ಮತ್ತೊಂದು ಚಿಂತೆ, ತೋಟ. ಕಾಯಿಲೆಗೆ ಮಳೆಗಾಲ ಬೇಸಿಗೆ ಗೊತ್ತಿಲ್ಲ, ಅಡಿಕೆಗೆ ಗೊತ್ತು. ಮಳೆ ಹಿಡಿಯುವ ಮೊದಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ಮದ್ದು ಗೊನೆಗೆ ಬೀಳಬೇಕು, ನಲವತ್ತು ದಿನಕ್ಕೆ ಇನ್ನೊಂದು ಸಲ. ಇಲ್ಲವೇ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಬೇಕು. ಆ ಹೊತ್ತಿಗೆ ನೀವು ವಾರ್ಡಿನಲ್ಲಿದ್ದರೆ ಕೊಳೆರೋಗ ಬಂದು ವರ್ಷದ ದುಡಿಮೆ ಮರದ ಬುಡಕ್ಕೆ ಉದುರುತ್ತದೆ. ಮರ ಹತ್ತುವ ಕೊನೆಗೌಡ ಸಿಗುವುದೇ ಕಷ್ಟವಾದ ಕಾಲದಲ್ಲಿ ಯಜಮಾನ ಇಲ್ಲದ ತೋಟಕ್ಕೆ ಅವನು ಮೊದಲು ಬರುವುದುಂಟೇ? ಸಂಸಾರಸ್ಥನಾದರೆ ಹೆಂಡತಿ ನಿಂತು ಮಾಡಿಸುತ್ತಾಳೆ. ಒಬ್ಬನೇ ಇರುವವನಿಗೆ ಉಳಿದದ್ದು ಫಸಲು ಗುತ್ತಿಗೆ, ಘಟ್ಟದ ಮೇಲಿನವರು ಚೇಣಿ ಎನ್ನುವುದು. ಇಲ್ಲಿ ಒಂದು ಹಳೆಯ ಹೆದರಿಕೆ ಅಡ್ಡ ಬರುತ್ತದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಒಡೆಯನಾದದ್ದನ್ನು ಕರಾವಳಿ ಮರೆತಿಲ್ಲ, ‘ತೋಟ ಇನ್ನೊಬ್ಬನ ಕೈಗೆ ಕೊಟ್ರೆ ಹೋಯ್ತು’ ಎಂಬ ಮಾತು ಈಗಲೂ ಇದೆ. ಭೂಮಿಯನ್ನು ಗೇಣಿಗೆ ಕೊಡುವುದನ್ನು ಕಾಯ್ದೆ ನಿಷೇಧಿಸಿದೆ ನಿಜ. ಅದಕ್ಕೇ ಕಾಗದದಲ್ಲಿ ಮರದ ಮೇಲಿನ ಈ ವರ್ಷದ ಫಸಲನ್ನು ಮಾರಿದ್ದೇನೆ, ತೋಟದ ಸ್ವಾಧೀನ ನನ್ನದೇ ಎಂದು ಬರೆಸಿ, ಸೊಸೈಟಿಯವರನ್ನೋ ಊರಿನ ಇಬ್ಬರನ್ನೋ ಸಾಕ್ಷಿ ಹಾಕಿಸಿ, ಮುಂಗಡ ಕೈಗೆ ಪಡೆಯಬೇಕು. ಕೊಯ್ಲಿನ ತನಕ ಕಾದರೆ ಸಿಗುವುದಕ್ಕಿಂತ ಕಡಿಮೆಯೇ ಸಿಕ್ಕೀತು. ಸಿಗಲಿ, ಕೊಳೆಗೆ ಹೋಗುವುದಕ್ಕಿಂತ ಮೇಲು.

ಕೈಗೆ ದುಡ್ಡು ಬೇಕಾದಾಗ ಯಾವುದನ್ನು ಮೊದಲು ಮುಟ್ಟಬೇಕು? ಚೀಲದಲ್ಲಿರುವ ಮೆಣಸು. ಚೆನ್ನಾಗಿ ಒಣಗಿಸಿದ ಕಾಳುಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅದಕ್ಕೇ ನಮ್ಮವರು ಅಟ್ಟದ ಮೇಲೆ ಒಂದು ಚೀಲ ಇಟ್ಟಿರುತ್ತಾರೆ. ಐನೂರು ವರ್ಷದ ಹಿಂದೆ ಪೋರ್ಚುಗೀಸರು ಶರಾವತಿಯ ಬಾಯಿಗೆ ಬಂದದ್ದೂ ಈ ಮೆಣಸಿಗೇ. ‘ರೇಟು ಏರ್ತದೆ’ ಎಂದು ಕಾಯುವ ಅಭ್ಯಾಸ ಆರೋಗ್ಯವಂತರಿಗೆ ಸರಿ. ಆಮೇಲೆ ಬ್ಯಾಂಕಿನ ಠೇವಣಿ. ಮುರಿಯುವ ಮೊದಲು ಅದರ ಮೇಲೆ ಸಾಲ ಕೇಳಿ, ಠೇವಣಿ ಬಡ್ಡಿಗಿಂತ ಒಂದೆರಡು ಶೇಕಡಾ ಹೆಚ್ಚು ಅಷ್ಟೇ. ಆಮೇಲೆ ಬಂಗಾರ. ರಿಸರ್ವ್ ಬ್ಯಾಂಕ್ 2025ರ ಜೂನಿನಲ್ಲಿ ಹೊರಡಿಸಿದ ನಿಯಮದಲ್ಲಿ 2.5 ಲಕ್ಷದ ತನಕದ ಸಾಲಕ್ಕೆ ಬಂಗಾರದ ಬೆಲೆಯ ಶೇ 85ರ ವರೆಗೆ ಕೊಡಬಹುದು, 5 ಲಕ್ಷ ಮೀರಿದರೆ ಶೇ 75. ಅಸಲು ಬಡ್ಡಿ ಒಟ್ಟಿಗೇ ಕೊನೆಗೆ ತೀರಿಸುವ ಸಾಲವಾದರೆ ಅವಧಿ ಹನ್ನೆರಡು ತಿಂಗಳು. ಆ ದಿನಾಂಕ ಬರುವ ಹೊತ್ತಿಗೆ ನೀವು ಎಲ್ಲಿರುತ್ತೀರೋ, ನೋಟಿಸು ಮಾತ್ರ ಖಾಲಿ ಮನೆಯ ಬಾಗಿಲಿಗೆ ಬಂದಿರುತ್ತದೆ. ಹಾಗಾಗಿ ಅಡವಿಟ್ಟ ಚೀಟಿ ಎಲ್ಲಿದೆ, ಕೊನೆಯ ದಿನ ಯಾವುದು ಎಂದು ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಸ್ವಸಹಾಯ ಸಂಘದ ವಾರದ ಕಂತಿನ ಸಾಲ ಮಾತ್ರ ಕಾಯಿಲೆಗೆ ಬೇಡ. ಅದು ಪ್ರತಿ ವಾರ ಕೂಲಿ ಬರುವವರಿಗೆ ಮಾಡಿದ್ದು. ನಿಮ್ಮ ಕಂತು ತಪ್ಪಿದರೆ ಗುಂಪಿನ ಇತರರು ಕಟ್ಟಬೇಕಾಗುತ್ತದೆ, ನಾಳೆ ಗಂಜಿ ತಂದುಕೊಡಬೇಕಾದವರೂ ಅವರೇ.

ಭೂಮಿ ಕೊನೆಗೆ. ಮಾರಬಾರದೆಂಬ ಹಟದಿಂದ ಹೇಳುತ್ತಿಲ್ಲ, ಎಷ್ಟೋ ಸಲ ಮಾರಲು ಬರುವುದೇ ಇಲ್ಲ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲೇ ಆಗಿದೆ. ಸೊಪ್ಪಿನ ಬೆಟ್ಟ ಅರಣ್ಯದ್ದು, ಅದರ ಮೇಲೆ ನಿಮಗಿರುವುದು ಸವಲತ್ತು ಮಾತ್ರ. ಮನೆ ಇರುವ ಜಾಗ ಅತಿಕ್ರಮಣವೆಂದು ದಾಖಲಾಗಿದ್ದರೆ ಬ್ಯಾಂಕು ಸಾಲ ಕೊಡದು. ಉತ್ತರ ಕನ್ನಡದಲ್ಲಿ ಇಂಥ ಮನೆಗಳು ಎಷ್ಟಿವೆಯೆಂದು ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಆ ಭೂಮಿಯನ್ನು ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ನೇರ ವಾರಸುದಾರರಿಲ್ಲದಿದ್ದರೆ ಅದು ಹತ್ತಿರದ ರಕ್ತಸಂಬಂಧಿಗೆ ಹೋಗುತ್ತದೆ ಎಂದು ಕಾಯ್ದೆಯೇ ಬರೆದಿದೆ. ಕಾಯಿಲೆಯಲ್ಲಿ ನೋಡಿಕೊಂಡ ನೆರೆಮನೆಯವಳಿಗೆ ಕೊಡುತ್ತೇನೆಂದರೆ ಅಲ್ಲಿ ನಡೆಯದು. ಆಸ್ತಿ ಇದ್ದೂ ಕಾಸಿಲ್ಲದ ಈ ಸ್ಥಿತಿಯಲ್ಲಿ ಒಂಟಿಯವರು ಮಾಡಬೇಕಾದ ಮೊದಲ ಕೆಲಸ ಪೌತಿ ಖಾತೆ ಮತ್ತು ಪಾಲುಪಟ್ಟಿ. ಅದಕ್ಕೆ ಮತ್ತೆ ಮತ್ತೆ ಹೊನ್ನಾವರದ ತಹಶೀಲ್ದಾರ್ ಕಚೇರಿಗೆ ಹೋಗಬೇಕು, ಹೋಗಲು ಮೈಯಲ್ಲಿ ಕಸುವಿರಬೇಕು.

ದುಡ್ಡು ಇದ್ದೂ ತೆಗೆಯಲಾಗದ ಸಂಕಟ ಇನ್ನೊಂದು. ಪಾರ್ಶ್ವವಾಯು ಹೊಡೆದು ಕೈ ಆಡದಿದ್ದರೆ ಖಾತೆಯ ಹಣ ಖಾತೆಯಲ್ಲೇ. ಇದಕ್ಕೆ ರಿಸರ್ವ್ ಬ್ಯಾಂಕಿನ ಹಳೆಯ ನಿಯಮ ಒಂದಿದೆ. ಸಹಿ ಮಾಡಲಾಗದ ಖಾತೆದಾರ ಕೈಯ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಹೆಬ್ಬೆಟ್ಟು ಒತ್ತಬಹುದು. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ. ಅದೂ ಆಗದಿದ್ದರೆ ಒಂದು ಗುರುತು ಹಾಕಿಸಿಕೊಂಡು ಹಣ ಕೊಡಬೇಕು. ಶಾಖೆಯಲ್ಲಿ ಹೊಸದಾಗಿ ಬಂದ ಮ್ಯಾನೇಜರಿಗೆ ಇದು ತಿಳಿದಿರುವುದಿಲ್ಲ, ಮರ್ಯಾದೆಯಿಂದ ನೆನಪಿಸಬೇಕು. 2017ರಿಂದ ಎಪ್ಪತ್ತು ದಾಟಿದವರಿಗೆ, ನಡೆಯಲಾಗದವರಿಗೆ ಮನೆಬಾಗಿಲಿಗೆ ಸೇವೆ ಕೊಡಿ ಎಂಬ ಸೂಚನೆಯೂ ಇದೆ.

ಪ್ರಜ್ಞೆಯೇ ಹೋದರೆ? ‘ಪವರ್ ಆಫ್ ಅಟಾರ್ನಿ ಮಾಡಿಸಿದ್ದೇನೆ, ಚಿಂತೆಯಿಲ್ಲ’ ಎನ್ನುವವರು ಬಹಳ. ನಮ್ಮ ಕರಾರು ಕಾಯ್ದೆ 1872ರದ್ದು, ಅದರ 201ನೇ ಕಲಮಿನಂತೆ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯಿತು. ಸರಿಯಾಗಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಕೋಮಾದಲ್ಲಿರುವವರ ಆಸ್ತಿ ನೋಡಿಕೊಳ್ಳಲು ಹೈಕೋರ್ಟಿಗೆ ಹೋಗಿ ಪಾಲಕರ ನೇಮಕ ಮಾಡಿಸಿಕೊಳ್ಳಬೇಕು. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ನಮಗೆ ಹೈಕೋರ್ಟೆಂದರೆ ಧಾರವಾಡದ ಪೀಠ. ಇದೆಲ್ಲ ತಪ್ಪಿಸಲು ಸುಲಭ ದಾರಿ, ಪೂರ್ತಿ ಹಣವಲ್ಲದೆ ಮೂರ್ನಾಲ್ಕು ತಿಂಗಳ ಖರ್ಚಿನಷ್ಟನ್ನು ನಂಬಿಗಸ್ತರೊಬ್ಬರ ಜೊತೆ ‘ಇಬ್ಬರಲ್ಲಿ ಯಾರಾದರೂ’ ಎಂಬ ಜಂಟಿ ಖಾತೆಯಲ್ಲಿ ಇಡುವುದು. ಹೋದರೆ ಅಷ್ಟೇ ಹೋದೀತು.

ಹೆಚ್ಚು ಗೊಂದಲ ಇರುವುದು ನಾಮಿನಿಯ ವಿಷಯದಲ್ಲಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರ ತನಕ ನಾಮಿನಿ ಹಾಕಬಹುದು, ಯಾರಿಗೆ ಶೇಕಡಾ ಎಷ್ಟೆಂದೂ ಬರೆಯಬಹುದು. ಒಳ್ಳೆಯದೇ. ಆದರೆ ನಾಮಿನಿ ಹಣ ಪಡೆದುಕೊಳ್ಳುವ ಕೈ ಮಾತ್ರ, ಒಡೆಯ ವಾರಸುದಾರ. ವಿಮೆಯ ಬಗ್ಗೆ 1983ರ ಸರ್ಬತಿ ದೇವಿ ಪ್ರಕರಣದಲ್ಲಿ, ಷೇರುಗಳ ಬಗ್ಗೆ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದ್ದೇ ಎಂದಾಯಿತು. ಅಕ್ಕನ ಮಗಳನ್ನು ಹಾಕಿದ ಅವಿವಾಹಿತನಿಗೆ ಆ ತಿದ್ದುಪಡಿಯಿಂದ ಏನೂ ಒದಗಲಿಲ್ಲ.

ವಾರಸುದಾರರು ಯಾರು ಎಂಬುದು ಹೆಣ್ಣಿನ ವಿಷಯದಲ್ಲಿ ಎಷ್ಟು ಕ್ರೂರವಾಗಬಹುದೆಂದು ತಿಳಿಯಲು ನಾರಾಯಣಿ ದೇವಿಯ ಪ್ರಕರಣ ಓದಬೇಕು. ಮದುವೆಯಾಗಿ ಮೂರು ತಿಂಗಳಿಗೆ ಗಂಡ ಸತ್ತ. ಅತ್ತೆಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಆಕೆ ನೌಕರಿ ಹಿಡಿದು ಬ್ಯಾಂಕಿನಲ್ಲಿ, ಪ್ರಾವಿಡೆಂಟ್ ಫಂಡಿನಲ್ಲಿ ಹಣ ಕೂಡಿಟ್ಟರು. ಉಯಿಲು ಬರೆಯದೆ 1996ರಲ್ಲಿ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಹಣವನ್ನು ಗಂಡನ ಕಡೆಯ ವಾರಸುದಾರರಿಗೆ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು ಹಾಗೇ ಇದೆ: ಮಕ್ಕಳಿಲ್ಲದ ವಿಧವೆಯ ಸ್ವಯಾರ್ಜಿತ ಗಂಡನ ವಾರಸುದಾರರಿಗೆ. ತಂದೆ ತಾಯಿಯಿಂದ ಬಂದದ್ದು ಮಾತ್ರ ತವರಿಗೆ ಮರಳುತ್ತದೆ. ಅನುಕಂಪದಿಂದ ಕಾನೂನು ಬದಲಾಗದು ಎಂದಿತು ಕೋರ್ಟು. 2025ರ ನವೆಂಬರಿನಲ್ಲಿ ನ್ಯಾ. ಬಿ.ವಿ. ನಾಗರತ್ನ ಅವರಿದ್ದ ಪೀಠ ಇದೇ ಕಲಮಿನ ಮಾತು ಬಂದಾಗ ಹೆಣ್ಣುಮಕ್ಕಳೇ, ಉಯಿಲು ಬರೆದಿಡಿ ಎಂದು ಮನವಿ ಮಾಡಿತು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು, ಅಷ್ಟೇ. ಆದರೂ ಕಾಯಿಲೆಯಲ್ಲಿ ಬರೆದ ಉಯಿಲನ್ನು ‘ಬುದ್ಧಿ ಸರಿಯಿರಲಿಲ್ಲ’ ಎಂದು ಎಳೆದಾಡುವುದು ನಮ್ಮ ಕೋರ್ಟುಗಳ ನಿತ್ಯದ ಕತೆ. ಹಾಗಾಗಿ ಸಾಕ್ಷಿಗಳಲ್ಲಿ ಒಬ್ಬರು ವೈದ್ಯರಾಗಿರಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗಲಿ. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರಲಿ. ಮುಸ್ಲಿಮರಿಗೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಬರೆಯಲು ಬರುವುದಿಲ್ಲ. ಭಟ್ಕಳದ ಒಂಟಿ ಜೀವ ನೋಡಿಕೊಂಡವರಿಗೆ ಹೆಚ್ಚು ಕೊಡಬೇಕೆಂದರೆ ಬದುಕಿದ್ದಾಗಲೇ ಸ್ವಾಧೀನ ಸಹಿತ ಕೊಡಬೇಕು.

ಈ ‘ಬದುಕಿದ್ದಾಗಲೇ ಕೊಡುವುದು’ ಎಲ್ಲಕ್ಕಿಂತ ಅಪಾಯದ ಜಾಗ. ‘ತೋಟ ನಮ್ಮ ಹೆಸರಿಗೆ ಮಾಡು, ಕಡೆತನಕ ನೋಡ್ಕಳ್ತೊ’ ಎಂಬ ಮಾತು ನಿಜವೂ ಇರಬಹುದು, ದಾನಪತ್ರ ನೋಂದಣಿಯಾದ ಮರುದಿನ ಸುಳ್ಳೂ ಆಗಬಹುದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಇದಕ್ಕೆ ಇರುವ ಬೇಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂಪಡೆಯಬಹುದು. ಷರತ್ತು ಸಾಬೀತಾಗಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಪತ್ರದಲ್ಲೇ ಬರೆಸುವುದು ಜಾಣತನ. ಅದೇ ಕಾಯ್ದೆಯಲ್ಲಿ ಯಾರೂ ಹೆಚ್ಚು ಓದದ ಇನ್ನೊಂದು ಮಾತಿದೆ: ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ವಾರಸಾಗಿ ಪಡೆಯಲಿರುವ ಸಂಬಂಧಿ ಅವರಿಗೆ ಜೀವನಾಂಶ ಕೊಡಬೇಕು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ, ಹೊನ್ನಾವರದವರಿಗೆ ಭಟ್ಕಳದಲ್ಲಿ, ಕುಮಟಾದವರಿಗೆ ಕುಮಟಾದಲ್ಲೇ. ತೋಟದ ಪಾಲಿಗೆ ಕಾದಿರುವ ಅಣ್ಣನ ಮಕ್ಕಳಿಗೆ ಇದು ಗೊತ್ತಿದ್ದರೆ ಸಾಕು, ಎಷ್ಟೋ ಸಲ ಅರ್ಜಿ ಹಾಕುವ ಪ್ರಸಂಗವೇ ಬಾರದು. ಅರವತ್ತು ತುಂಬದವರಿಗೆ ಮಾತ್ರ ಈ ಬೇಲಿ ಇಲ್ಲ. ಅವರು ದಾನಪತ್ರದ ಗೊಡವೆಗೇ ಹೋಗದೆ ಉಯಿಲಿನಲ್ಲಿ ನಿಲ್ಲುವುದು ಲೇಸು, ಉಯಿಲಾದರೆ ನಾಳೆ ಬದಲಿಸಬಹುದು.

ಚಿಕಿತ್ಸೆ ಎಲ್ಲಿಗೆ ನಿಲ್ಲಬೇಕೆಂಬುದೂ ಹಣದ ಪ್ರಶ್ನೆಯೇ, ಹೇಳಲು ನಾಲಿಗೆ ಹಿಂಜರಿದರೂ. ವೆಂಟಿಲೇಟರಿನ ಮೇಲಿರುವ ಒಂಟಿ ರೋಗಿಯ ಬಗ್ಗೆ ‘ಸಾಕು’ ಎನ್ನುವ ಧೈರ್ಯ ದೂರದ ಸಂಬಂಧಿಗೆ ಇರುವುದಿಲ್ಲ, ಬಿಲ್ಲು ಬೆಳೆಯುತ್ತದೆ. 2018ರಲ್ಲಿ ಒಪ್ಪಿದ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಿಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರನ್ನು, ಒಂದಕ್ಕಿಂತ ಹೆಚ್ಚು ಹೆಸರನ್ನೂ, ಬರೆಯಬಹುದು. ಕರ್ನಾಟಕ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿ 30ರಂದು. ಚಿಕಿತ್ಸೆ ನಿಂತ ಮೇಲಿನ ಆರೈಕೆಗೂ ದಾರಿಯಿದೆ: ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ.

ಆಸ್ಪತ್ರೆಗಾಗಿ ಜಿಲ್ಲೆ ನಡೆಸುತ್ತಿರುವ ಹೋರಾಟಕ್ಕೆ ನನ್ನದೊಂದು ಸೇರ್ಪಡೆಯಿದೆ. ಕಟ್ಟಡ, ಯಂತ್ರ, ವೈದ್ಯರನ್ನು ಕೇಳುವ ಪಟ್ಟಿಯಲ್ಲೇ ಜೊತೆಗಾರರನ್ನೂ ಕೇಳಬೇಕು. ಆರೋಗ್ಯ ಕರ್ನಾಟಕ ಯೋಜನೆಯ ಆಸ್ಪತ್ರೆಗಳಲ್ಲಿ ಕಾಗದಪತ್ರಕ್ಕೆ ಆರೋಗ್ಯಮಿತ್ರರಿದ್ದಾರೆ. ಅದೇ ರೀತಿ, ಯಾರೂ ಇಲ್ಲದೆ ಬಂದ ರೋಗಿಗೆ ದಿನಗೂಲಿಯ ಮೇಲೆ ಒಬ್ಬ ಸಹಾಯಕರನ್ನು ಕೊಟ್ಟು, ಆ ಕೂಲಿಯನ್ನು ಪ್ಯಾಕೇಜಿನೊಳಗೇ ಸೇರಿಸಲಿ. ಹಾಸಿಗೆಯ ಬಾಡಿಗೆ, ಹತ್ತಿ, ಸೂಜಿಗೆಲ್ಲ ದರ ಕಟ್ಟಲು ಬಂದ ಸರ್ಕಾರಕ್ಕೆ ಇದಕ್ಕೂ ಒಂದು ದರ ಕಟ್ಟಲು ಬಂದೀತು.